ಸಿನಿಮಾಗೆ ಅಂಟಿಸೋ ವಯಸ್ಸಿನ ಚೀಟಿ: ಕಾಯೋದು ಮಕ್ಕಳನ್ನಾ, ಮಾರುಕಟ್ಟೆಯನ್ನಾ?

2023ರ ಡಿಸೆಂಬರ್ 22ರಂದು ಪ್ರಶಾಂತ್ ನೀಲ್ ನಿರ್ದೇಶನದ 'ಸಲಾರ್' ತೆರೆಗೆ ಬಂತು. ಸೆನ್ಸಾರ್ ಮಂಡಳಿ ಅದಕ್ಕೆ ಕೊಟ್ಟಿದ್ದು 'ಎ' ಸರ್ಟಿಫಿಕೇಟ್. ಅಂದರೆ 18 ತುಂಬದವರಿಗೆ ಥಿಯೇಟರ್ ಒಳಗೆ ಪ್ರವೇಶ ಇಲ್ಲ. ಅಪ್ಪ-ಅಮ್ಮ ಜೊತೆಗಿದ್ದರೂ ಇಲ್ಲ. ಆದರೆ ತಿಂಗಳು ತುಂಬುವ ಮೊದಲೇ ಅದೇ ಸಿನಿಮಾ ನೆಟ್‌ಫ್ಲಿಕ್ಸ್‌ಗೆ ಬಂತು, ಕನ್ನಡದಲ್ಲೂ ಬಂತು. ಮಲ್ಟಿಪ್ಲೆಕ್ಸ್ ಬಾಗಿಲಲ್ಲಿ ವಾಪಸ್ ಕಳಿಸಬೇಕಿದ್ದ ಹತ್ತು ವರ್ಷದ ಹುಡುಗ ಈಗ ಅಪ್ಪನ ಮೊಬೈಲ್ ಹಿಡ್ಕೊಂಡು ಊಟ ಮಾಡ್ತಾ ಮಾಡ್ತಾ ಅದನ್ನು ನೋಡಬಹುದು. ಗೇಟೂ ಇಲ್ಲ, ಗೇಟ್‌ಕೀಪರೂ ಇಲ್ಲ.

ಅದಕ್ಕೂ ಇಪ್ಪತ್ತು ತಿಂಗಳ ಹಿಂದೆ ಇದೇ ನಿರ್ದೇಶಕ, ಇದೇ ಹೊಂಬಾಳೆ ಸಂಸ್ಥೆಯ 'ಕೆಜಿಎಫ್ ಚಾಪ್ಟರ್ 2' ಬಂದಿತ್ತು. ರಾಕಿ ಭಾಯ್ 'ದೊಡ್ಡಮ್ಮ' ಅನ್ನೋ ಮೆಷಿನ್ ಗನ್ನಿನಿಂದ ಪೊಲೀಸ್ ಸ್ಟೇಷನ್ನನ್ನೇ ಪುಡಿಗಟ್ಟುವ ಆ ಸಿನಿಮಾಗೆ ಸಿಕ್ಕಿದ್ದು 'ಯು/ಎ'. ಶಾಲೆಗೆ ಹೋಗೋ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಇಡೀ ಕರ್ನಾಟಕ ಅದನ್ನು ನೋಡಿತು. ಎರಡರ ನಡುವಿನ ವ್ಯತ್ಯಾಸ ಏನು ಅಂತ ಒಬ್ಬ ಸಾಮಾನ್ಯ ಪೋಷಕನನ್ನು ಕೇಳಿ ನೋಡಿ. ಉತ್ತರ ಸಿಗಲ್ಲ. ಯಾಕಂದ್ರೆ ಆ ಚೀಟಿ ಅವರಿಗೆ ಏನನ್ನೂ ಹೇಳಿರಲ್ಲ, ಬರೀ ಒಂದು ಅಕ್ಷರ ತೋರಿಸಿರುತ್ತೆ.

ಹಾಗಾದರೆ ಈ ವಯಸ್ಸಿನ ಚೀಟಿಗಳು, ಎಚ್ಚರಿಕೆ ಬರಹಗಳು ನಿಜಕ್ಕೂ ಕೆಲಸ ಮಾಡ್ತವಾ? 'ಇಲ್ಲ' ಅನ್ನೋದು ಸುಲಭದ ಉತ್ತರ. ಆದರೆ ಪುರಾವೆಗಳನ್ನು ನೋಡಿದರೆ ಎರಡು ಷರತ್ತುಗಳ ಮೇಲೆ ಅವು ಕೆಲಸ ಮಾಡ್ತವೆ. ಒಂದು, ಬಾಗಿಲಲ್ಲಿ ನಿಂತವರಿಗೆ ಉತ್ತರದಾಯಿತ್ವ ಇರಬೇಕು. ಎರಡು, ಚೀಟಿ ಬೆದರಿಸಬಾರದು, ಮಾಹಿತಿ ಕೊಡಬೇಕು. ಭಾರತದಲ್ಲಿ ಈ ಎರಡೂ ಇಲ್ಲ. ಇಲ್ಲಿ ಚೀಟಿ ಸರ್ಕಾರದ ಕತ್ತರಿಗೆ ಒಂದು ನೆಪ, ನಿರ್ಮಾಪಕರಿಗೆ ಒಂದು ದರಪಟ್ಟಿ.

ಹೆಸರು ಬದಲಾಯ್ತು, ಕತ್ತರಿ ಉಳಿಯಿತು

ಸ್ವಲ್ಪ ಹಿಂದಕ್ಕೆ ಹೋಗೋಣ. ಕೆ.ಎ. ಅಬ್ಬಾಸ್ ನಾಲ್ಕು ಮಹಾನಗರಗಳ ಸಿರಿತನ-ಬಡತನವನ್ನು ಎದುರುಬದುರು ಇಟ್ಟು ಒಂದು ಸಾಕ್ಷ್ಯಚಿತ್ರ ಮಾಡಿದ್ದರು, 'ಎ ಟೇಲ್ ಆಫ್ ಫೋರ್ ಸಿಟೀಸ್'. ಅದರಲ್ಲಿ ಮುಂಬೈನ ಕೆಂಪುದೀಪ ಪ್ರದೇಶದ ಕೆಲವು ದೃಶ್ಯಗಳಿದ್ದವು ಅಂತ ಸೆನ್ಸಾರ್ ಮಂಡಳಿ 'ಎ' ಕೊಡಲು ಹೊರಟಿತು. ಅಬ್ಬಾಸ್ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1970ರ ತೀರ್ಪು ಸಿನಿಮಾದ ಪೂರ್ವ ಸೆನ್ಸಾರ್‌ಶಿಪ್ಪನ್ನು ಎತ್ತಿಹಿಡಿಯಿತು. ಬೇರೆ ಕಲೆಗಳಿಗಿಂತ ಸಿನಿಮಾ ಮನಸ್ಸನ್ನು ಹೆಚ್ಚು ಅಲುಗಾಡಿಸುತ್ತೆ, ಹಾಗಾಗಿ ಅದನ್ನು ಬೇರೆಯಾಗಿ ನೋಡಬಹುದು, ವಯಸ್ಸಿನ ಪ್ರಕಾರ ವಿಂಗಡಿಸಬಹುದು ಅನ್ನೋದು ಅದರ ತರ್ಕ. ನಮ್ಮ ಇವತ್ತಿನ ವ್ಯವಸ್ಥೆ ನಿಂತಿರೋದು ಆ ತರ್ಕದ ಮೇಲೆಯೇ.

1983ರಲ್ಲಿ ಮಂಡಳಿಯ ಹೆಸರಿನಿಂದ 'ಸೆನ್ಸಾರ್' ಹೋಗಿ 'ಸರ್ಟಿಫಿಕೇಷನ್' ಬಂತು. 'ಯು' ಮತ್ತು 'ಎ' ಜೊತೆಗೆ 'ಯು/ಎ' ಮತ್ತು 'ಎಸ್' ಸೇರಿದವು. ಮಜಾ ಏನಂದ್ರೆ, ಮರುವರ್ಷ ಬ್ರಿಟನ್ನಿನ ಮಂಡಳಿ ಕೂಡ ತನ್ನ ಹೆಸರಿನಲ್ಲಿದ್ದ 'ಸೆನ್ಸಾರ್ಸ್' ತೆಗೆದು 'ಕ್ಲಾಸಿಫಿಕೇಷನ್' ಅಂತ ಹಾಕಿಕೊಂಡಿತು. ಅವರು ಹೆಸರಿನ ಜೊತೆ ಕೆಲಸದ ರೀತಿಯನ್ನೂ ನಿಧಾನಕ್ಕೆ ಬದಲಿಸಿಕೊಂಡರು. ನಾವು ಬೋರ್ಡ್ ಮಾತ್ರ ಬದಲಿಸಿದೆವು. ನಲವತ್ತು ವರ್ಷ ಆದರೂ ಜನರ ಬಾಯಲ್ಲಿ ಅದು ಇನ್ನೂ 'ಸೆನ್ಸಾರ್ ಬೋರ್ಡ್' ಆಗೇ ಉಳಿದಿರೋದು ಸುಮ್ಮನೆ ಅಲ್ಲ.

2016ರಲ್ಲಿ ಶ್ಯಾಮ್ ಬೆನಗಲ್ ನೇತೃತ್ವದ ಸಮಿತಿ ಒಂದು ನೇರವಾದ ಮಾತು ಹೇಳಿತು: ಮಂಡಳಿಯ ಕೆಲಸ ಸರ್ಟಿಫಿಕೇಟ್ ಕೊಡೋದು, ಕತ್ತರಿಸೋದಲ್ಲ. ಯಾವ ವಯಸ್ಸಿನವರಿಗೆ ಯಾವುದು ಅಂತ ಇನ್ನಷ್ಟು ವಿವರವಾಗಿ ವಿಂಗಡಿಸಿ, ಉಳಿದದ್ದನ್ನು ನೋಡುಗರಿಗೆ ಬಿಡಿ. ಇದು ಒಂದು ಒಪ್ಪಂದದ ಹಾಗಿತ್ತು. ಚೀಟಿ ಹೆಚ್ಚಾಗಲಿ, ಕತ್ತರಿ ಕಡಿಮೆಯಾಗಲಿ.

2023ರ ತಿದ್ದುಪಡಿ ಕಾಯ್ದೆ ಈ ಒಪ್ಪಂದದ ಅರ್ಧವನ್ನಷ್ಟೇ ತೆಗೆದುಕೊಂಡಿತು. 'ಯು/ಎ' ಈಗ 7+, 13+, 16+ ಅಂತ ಮೂರಾಗಿದೆ. ಕತ್ತರಿ ಮಾತ್ರ ಇದ್ದಲ್ಲೇ ಇದೆ. 2025ರ ಜುಲೈನಲ್ಲಿ ಬಂದ ಹಾಲಿವುಡ್‌ನ 'ಸೂಪರ್‌ಮ್ಯಾನ್' ನೋಡಿ. 13+ ಅಂತ ಚೀಟಿ ಅಂಟಿಸಿದ ಮೇಲೂ ಒಂದು ಮುತ್ತಿನ ದೃಶ್ಯದ 33 ಸೆಕೆಂಡು ಕತ್ತರಿಸಿದರು. 13 ದಾಟಿದವರಿಗೆ ಅಂತ ನೀವೇ ಹೇಳಿದ ಮೇಲೆ ಕತ್ತರಿ ಯಾಕೆ? ಕತ್ತರಿ ಆಡಿಸಿದ ಮೇಲೆ ಚೀಟಿ ಯಾಕೆ? ಇದಕ್ಕೂ ಮುಂಚೆ 2016ರಲ್ಲಿ 'ಉಡ್ತಾ ಪಂಜಾಬ್'ಗೆ ಹೇಳಿದ್ದ ಕಟ್‌ಗಳು 89. ಬಾಂಬೆ ಹೈಕೋರ್ಟ್ ಅದನ್ನು ಒಂದಕ್ಕೆ ಇಳಿಸಿತು, ಸಿನಿಮಾ 'ಎ' ಜೊತೆ ಬಿಡುಗಡೆ ಆಯ್ತು. ಆಗ ಹೈಕೋರ್ಟಿಗೆ ಹೋಗುವ ಮೊದಲು ಮೇಲ್ಮನವಿಗೆ ಒಂದು ನ್ಯಾಯಮಂಡಳಿಯಾದರೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಅದನ್ನೂ ರದ್ದು ಮಾಡಿತು.

ಬಾಗಿಲಲ್ಲಿ ನಿಂತವರು ಯಾರು?

ಚೀಟಿ ಕೆಲಸ ಮಾಡಿದ ಉದಾಹರಣೆ ಬೇಕಾ? ಅಮೆರಿಕದಲ್ಲಿದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2000ದಿಂದ ಒಂದು ಸರಳ ಪರೀಕ್ಷೆ ಶುರು ಮಾಡಿತು. 13ರಿಂದ 16 ವರ್ಷದ ಹುಡುಗ-ಹುಡುಗಿಯರನ್ನು ಒಬ್ಬೊಬ್ಬರನ್ನೇ ಅಂಗಡಿಗೆ, ಥಿಯೇಟರಿಗೆ ಕಳಿಸೋದು, ಅವರ ವಯಸ್ಸಿಗೆ ಸಲ್ಲದ್ದನ್ನು ಕೇಳಿ ನೋಡೋದು. ಮೊದಲ ಸಲ ದೊಡ್ಡವರ ವಿಡಿಯೋ ಗೇಮ್ ಕೊಳ್ಳಲು ಹೋದವರಲ್ಲಿ 85% ಮಕ್ಕಳಿಗೆ ಅದು ಸಿಕ್ಕೇ ಬಿಟ್ಟಿತು. 2013ರ ಹೊತ್ತಿಗೆ ಈ ಪ್ರಮಾಣ 13%ಗೆ ಇಳಿಯಿತು. ನಿರ್ಬಂಧಿತ ಸಿನಿಮಾಗಳ ಟಿಕೆಟ್ ವಿಷಯದಲ್ಲೂ 46% ಇದ್ದದ್ದು 24% ಆಯ್ತು.

ಗಮನಿಸಬೇಕಾದ್ದು ಏನಂದ್ರೆ, ಈ ರೇಟಿಂಗ್‌ಗಳ ಹಿಂದೆ ಅಲ್ಲಿ ಕಾನೂನೇ ಇಲ್ಲ. ಎಲ್ಲಾ ಉದ್ಯಮದ ಸ್ವಯಂ ನಿಯಂತ್ರಣ. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಮಾಡಿದ ಕಾನೂನನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ಆದರೂ ಅಂಗಡಿಯವರು ಬದಲಾದರು. ಯಾಕೆ? ಯಾವುದೋ ಒಂದು ದಿನ ಯಾರೋ ಬಂದು ಪರೀಕ್ಷೆ ಮಾಡ್ತಾರೆ, ಫಲಿತಾಂಶ ಪ್ರಕಟ ಆಗುತ್ತೆ, ಮರ್ಯಾದೆ ಹೋಗುತ್ತೆ ಅನ್ನೋ ಅಳುಕು.

ನಮ್ಮಲ್ಲಿ ತದ್ವಿರುದ್ಧ. ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ 'ಎ' ಸಿನಿಮಾವನ್ನು 18 ತುಂಬದವರಿಗೆ ತೋರಿಸಿದರೆ ಶಿಕ್ಷೆ ಇದೆ. ಪುಸ್ತಕದಲ್ಲಿ ಇಷ್ಟು ಕಠಿಣ. ಆದರೆ ಯಾವುದಾದರೂ ಥಿಯೇಟರ್ ಮಾಲೀಕ ಇದಕ್ಕಾಗಿ ಶಿಕ್ಷೆ ಅನುಭವಿಸಿದ ಸುದ್ದಿ ಓದಿದ ನೆನಪು ನಿಮಗಿದೆಯಾ? ಮಲ್ಟಿಪ್ಲೆಕ್ಸಿನ ಹುಡುಗ ಆಧಾರ್ ಕೇಳಿದರೆ 'ನಮ್ಮ ಮಗು, ನಮ್ಮಿಷ್ಟ' ಅಂತ ಪೋಷಕರೇ ಜಗಳಕ್ಕೆ ನಿಲ್ತಾರೆ. ದಿನಗೂಲಿ ಲೆಕ್ಕದಲ್ಲಿ ನಿಂತಿರುವ ಆ ಹುಡುಗನ ಮೇಲೆ ಇಡೀ ದೇಶದ ನೈತಿಕತೆ ಕಾಯುವ ಭಾರ! ಇನ್ನು 7+, 13+, 16+ ಇವು ಬರೀ ಸಲಹೆ, ಪೋಷಕರ ತಿಳಿವಳಿಕೆಗೆ ಮಾತ್ರ. ತಡೆಯುವ ಅಧಿಕಾರ ಯಾರಿಗೂ ಇಲ್ಲ. ಅದು ತಪ್ಪೂ ಅಲ್ಲ. ಆದರೆ ತಿಳಿವಳಿಕೆಗೆ ಅಂದ ಮೇಲೆ ತಿಳಿಯುವ ಹಾಗೆ ಹೇಳಬೇಕಲ್ಲ?

ಒಟಿಟಿಗಳ ಕಥೆ ಇನ್ನೂ ಚೆನ್ನಾಗಿದೆ. 2021ರ ಐಟಿ ನಿಯಮಗಳ ಪ್ರಕಾರ ರೇಟಿಂಗ್ ಕೊಟ್ಟುಕೊಳ್ಳೋದು ವೇದಿಕೆಗಳೇ. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೇರೆಂಟಲ್ ಲಾಕ್ ಇರಬೇಕು, 'ಎ'ಗೆ ನಂಬಲರ್ಹ ವಯಸ್ಸಿನ ಪರಿಶೀಲನೆ ಇರಬೇಕು. ನಮ್ಮ ಮನೆಗಳಲ್ಲಿ ಇದು ನಡೆಯೋದು ಹೇಗೆ? ಒಂದು ಅಕೌಂಟು, ಅದೂ ಭಾವನದ್ದು. ನಾಲ್ಕು ಮನೆಗೆ ಒಂದೇ ಪಾಸ್‌ವರ್ಡ್. ಲಾಕ್ ಹಾಕಲು ಅಪ್ಪನಿಗೆ ಬರಲ್ಲ, ತೆಗೆಯಲು ಮಗನಿಗೆ ಬರುತ್ತೆ. ಇನ್ನು ರೀಲ್ಸ್ ವಿಷಯ ಬಿಡಿ. 'ಎ' ಸಿನಿಮಾದ ಅತಿ ರಕ್ತಸಿಕ್ತ ಮೂವತ್ತು ಸೆಕೆಂಡು ಅಲ್ಲಿ ಯಾವ ಚೀಟಿಯೂ ಇಲ್ಲದೆ, ಬಿಜಿಎಂ ಸಮೇತ ತಾನಾಗೇ ಓಡ್ತಿರುತ್ತೆ.

ಹಾಗಂತ ಡಿಜಿಟಲ್ ಬಾಗಿಲಿಗೆ ಬಿಗಿ ಬೀಗ ಹಾಕೋಣ ಅನ್ನೋಕೂ ಮೊದಲು ಬ್ರಿಟನ್ ಕಡೆ ನೋಡಬೇಕು. 2025ರ ಜುಲೈನಿಂದ ಅಲ್ಲಿ ಅಶ್ಲೀಲ ತಾಣಗಳು ಬಳಕೆದಾರರ ವಯಸ್ಸನ್ನು ಕಡ್ಡಾಯವಾಗಿ ಪರಿಶೀಲಿಸಬೇಕು. ಮುಖದ ಸ್ಕ್ಯಾನ್ ಅಥವಾ ಗುರುತಿನ ಚೀಟಿ. ನಿಯಮ ಜಾರಿಯಾದ ದಿನಗಳಲ್ಲೇ ವಿಪಿಎನ್ ಆಪ್‌ಗಳು ಡೌನ್‌ಲೋಡ್ ಪಟ್ಟಿಯ ಮೇಲಕ್ಕೆ ಏರಿದವು. ಮಕ್ಕಳನ್ನು ತಡೆಯಲು ಇಟ್ಟ ಬಾಗಿಲು ದೊಡ್ಡವರೆಲ್ಲರ ಗುರುತನ್ನು ಕೇಳುತ್ತೆ. ಯಾರು ಏನು ನೋಡ್ತಾರೆ ಅನ್ನೋ ಪಟ್ಟಿ ಎಲ್ಲೋ ತಯಾರಾಗುವ ಅಪಾಯ ಹುಟ್ಟುತ್ತೆ. ಆಧಾರ್ ಜೋಡಿಸದ ವಸ್ತುವೇ ಇಲ್ಲ ಅನ್ನುವಂಥ ನಮ್ಮ ದೇಶದಲ್ಲಿ ಈ ದಾರಿ ಎಲ್ಲಿಗೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

'ಎ' ಅನ್ನೋ ಸೆಳೆತ

ಬೆದರಿಸುವ ಚೀಟಿ ಯಾಕೆ ಕೆಲಸ ಮಾಡಲ್ಲ ಅನ್ನೋದು ಕನ್ನಡಿಗರಿಗೆ ಯಾರೂ ಕಲಿಸಬೇಕಿಲ್ಲ. 'ದೇವರ ಸಿನಿಮಾ' ಅನ್ನೋ ಪದವನ್ನು ಸೃಷ್ಟಿಸಿದ ಜನ ನಾವು! ಒಂದು ಕಾಲಕ್ಕೆ ಬೆಳಗಿನ ಆಟದ ಪೋಸ್ಟರುಗಳಲ್ಲಿ ನಟ-ನಟಿಯರ ಹೆಸರಿಗಿಂತ ದೊಡ್ಡದಾಗಿ ಇರ್ತಿದ್ದದ್ದು ಆ ಕೆಂಪು 'ಎ'. ಎಚ್ಚರಿಕೆಯೇ ಅಲ್ಲಿ ಜಾಹೀರಾತು. 1998ರಲ್ಲಿ ಉಪೇಂದ್ರ ತಮ್ಮ ಸಿನಿಮಾಗೆ 'ಎ' ಅಂತಲೇ ಹೆಸರಿಟ್ಟರು. ಆ ಒಂದು ಅಕ್ಷರಕ್ಕೆ ಎಷ್ಟು ಸೆಳೆತ ಇದೆ ಅಂತ ಗಾಂಧಿನಗರಕ್ಕೆ ಚೆನ್ನಾಗಿ ಗೊತ್ತಿತ್ತು.

ಸಂಶೋಧನೆ ಹೇಳೋದೂ ಇದನ್ನೇ. ಬ್ರಾಡ್ ಬುಷ್‌ಮನ್ ಮತ್ತು ಏಂಜೆಲಾ ಸ್ಟ್ಯಾಕ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ಎಚ್ಚರಿಕೆ' ಧಾಟಿಯ ಬರಹ ಇದ್ದಾಗ ಹಿಂಸೆಯ ಕಾರ್ಯಕ್ರಮದ ಮೇಲೆ ಆಸಕ್ತಿ ಹೆಚ್ಚಾಯಿತು. ಆದರೆ ಬರೀ ಮಾಹಿತಿ ಕೊಡುವ ಬರಹ ಇದ್ದಾಗ ಹಾಗಾಗಲಿಲ್ಲ. 2003ರಲ್ಲಿ ಬುಷ್‌ಮನ್ ಮತ್ತು ಜೋನ್ ಕ್ಯಾಂಟರ್ 70 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಂಟು ವರ್ಷಕ್ಕಿಂತ ಚಿಕ್ಕವರು ಇಂಥ ಚೀಟಿ ನೋಡಿ ಹಿಂದೆ ಸರಿಯುತ್ತಾರೆ. ಹನ್ನೊಂದರ ಹೊತ್ತಿಗೆ ಅದೇ ಚೀಟಿ ಸಣ್ಣ ಪ್ರಮಾಣದ ಆಮಿಷವಾಗುತ್ತೆ, ಅದರಲ್ಲೂ ಹುಡುಗರಿಗೆ. ಅಂದರೆ ಯಾರನ್ನು ತಡೀಬೇಕು ಅಂತ ಚೀಟಿ ಅಂಟಿಸ್ತೀವೋ ಅವರನ್ನೇ ಅದು ಕರೆಯುತ್ತೆ. ಅದೇ ವಿಶ್ಲೇಷಣೆಯ ಇನ್ನೊಂದು ಭಾಗ ಪೋಷಕರದ್ದು. ಹೆಚ್ಚಿನ ಪೋಷಕರು ಕೇಳೋದು ಒಳಗೇನಿದೆ ಅಂತ ಹೇಳುವ ಚೀಟಿಯನ್ನು.

'ಟ್ರಿಗರ್ ವಾರ್ನಿಂಗ್' ವಿಷಯದಲ್ಲೂ ನಮ್ಮ ಪೀಳಿಗೆ ಸ್ವಲ್ಪ ಯೋಚಿಸಬೇಕು. 2023ರಲ್ಲಿ ಪ್ರಕಟವಾದ ಒಂದು ಮೆಟಾ-ಅನಾಲಿಸಿಸ್ ಪ್ರಕಾರ ಇಂಥ ಸೂಚನೆ ನೋಡಿದ ಮೇಲೂ ಜನ ಆ ವಸ್ತುವನ್ನು ನೋಡೋದನ್ನು ಬಿಡಲಿಲ್ಲ, ನೋಡಿದಾಗ ಆದ ನೋವೂ ಕಮ್ಮಿಯಾಗಲಿಲ್ಲ. ನೋಡುವ ಮುಂಚಿನ ಆತಂಕ ಮಾತ್ರ ಹೆಚ್ಚಾಯ್ತು. ಹಾಗಂತ ಅದನ್ನು ಕಿತ್ತೆಸೀಬೇಕು ಅಂತಲ್ಲ. ನೋಡುಗರಿಗೆ ಆಯ್ಕೆ ಕೊಡೋದು ಒಂದು ಸೌಜನ್ಯ. ಆದರೆ ಸೌಜನ್ಯವನ್ನೇ ಔಷಧಿ ಅಂದುಕೊಳ್ಳಬಾರದು.

ಧೂಮಪಾನದ ಪಾಠ

ಭಾರತದಲ್ಲಿ ಅತಿ ಹೆಚ್ಚು ಜನ ನೋಡಿದ ಎಚ್ಚರಿಕೆ ಬರಹ ಯಾವುದು? ಸಿನಿಮಾ ಶುರುವಾಗುವ ಮುಂಚೆ ಬರುವ ತಂಬಾಕಿನದ್ದು. 2012ರ ಅಕ್ಟೋಬರ್ 2ರಿಂದ ಜಾರಿಯಾದ ನಿಯಮದ ಪ್ರಕಾರ ತಂಬಾಕು ಕಾಣಿಸುವ ಸಿನಿಮಾಗಳಲ್ಲಿ ಆರಂಭ ಮತ್ತು ಮಧ್ಯಂತರದಲ್ಲಿ ಆರೋಗ್ಯದ ಜಾಹೀರಾತು, ಸಿಗರೇಟು ಕಂಡಾಗಲೆಲ್ಲ ಕೆಳಗೆ ಬರಹ. 2013ರಲ್ಲಿ ವುಡಿ ಅಲೆನ್ ಈ ಬರಹ ಹಾಕಲು ಒಪ್ಪದೆ ತಮ್ಮ 'ಬ್ಲೂ ಜಾಸ್ಮಿನ್' ಅನ್ನು ಭಾರತದಲ್ಲಿ ಬಿಡುಗಡೆಯೇ ಮಾಡಲಿಲ್ಲ. 2023ರ ಸೆಪ್ಟೆಂಬರ್‌ನಿಂದ ನಿಯಮ ಒಟಿಟಿಗೂ ಬಂದಿದೆ.

ಫಲ ಏನು? ಗುಟ್ಕಾ ತಿಂದು ಪ್ರಾಣ ಕಳೆದುಕೊಂಡ ಒಬ್ಬ ಯುವಕನ ನಿಜವಾದ ಸಂಕಟ ನಮ್ಮ ಕಾಲೇಜು ಹುಡುಗರಿಗೆ ಮಿಮಿಕ್ರಿಯಾಯ್ತು, ಮೀಮ್ ಆಯ್ತು. ನೂರು ಸಲ ನೋಡಿದ ಮೇಲೆ ಕಣ್ಣು ಅದನ್ನು ನೋಡೋದನ್ನೇ ನಿಲ್ಲಿಸುತ್ತೆ.

ಆದರೂ ಭಾರತದಲ್ಲಿ ತಂಬಾಕು ಬಳಸುವ ವಯಸ್ಕರ ಪ್ರಮಾಣ ಇಳಿದಿದೆ. ಗ್ಲೋಬಲ್ ಅಡಲ್ಟ್ ಟೊಬ್ಯಾಕೊ ಸಮೀಕ್ಷೆ ಪ್ರಕಾರ 2009-10ರಲ್ಲಿ 34.6% ಇದ್ದದ್ದು 2016-17ಕ್ಕೆ 28.6% ಆಗಿತ್ತು. ಈ ಯಶಸ್ಸನ್ನು ತೆರೆಯ ಮೇಲಿನ ಬರಹಕ್ಕೆ ಕೊಡೋಕಾಗಲ್ಲ. ಅದರ ಜೊತೆಗೆ ತೆರಿಗೆ ಏರಿತು, ರಾಜ್ಯಗಳು ಗುಟ್ಕಾ ನಿಷೇಧಿಸಿದವು, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ ಬಿತ್ತು, ಪ್ಯಾಕಿನ ಮೇಲಿನ ಚಿತ್ರ ದೊಡ್ಡದಾಯ್ತು. ಸಿಗರೇಟು ಸೇದುವವರಲ್ಲಿ ಸುಮಾರು 62% ಜನ ಪ್ಯಾಕಿನ ಮೇಲಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಅದೇ ಸಮೀಕ್ಷೆಯಲ್ಲಿ ಹೇಳಿದರು. ಯೋಚನೆ ಬಂತು, ಸರಿ. ಆ ಯೋಚನೆಗೆ ಕೈ ಹಿಡಿಯೋದು ಬೆಲೆ, ನಿಯಮ, ಚಿಕಿತ್ಸೆ. ಚೀಟಿ ಒಂಟಿಯಾಗಿ ಏನೂ ಮಾಡಲ್ಲ, ಒಂದು ವ್ಯವಸ್ಥೆಯ ಭಾಗವಾದಾಗ ಮಾತ್ರ ಅದಕ್ಕೆ ಬಲ.

ದುಡ್ಡಿನ ಅಕ್ಷರ

ಹಾಗಾದರೆ 'ಎ' ಬಂತು ಅಂತ ನಿರ್ಮಾಪಕರು ಯಾಕೆ ಅಷ್ಟು ತಲೆಕೆಡಿಸಿಕೊಳ್ತಾರೆ? ಯಾಕಂದ್ರೆ 'ಎ' ಸಿನಿಮಾ ಹಾಗೇ ಟಿವಿಗೆ ಬರುವಂತಿಲ್ಲ. ಮತ್ತೆ ಕತ್ತರಿ ಹಾಕಿಸಿ 'ಯು/ಎ' ಪಡೆದರೆ ಮಾತ್ರ ಸ್ಯಾಟಲೈಟ್ ಹಕ್ಕು ಮಾರಾಟ. ಕುಟುಂಬದ ಪ್ರೇಕ್ಷಕರೂ ಕೈ ತಪ್ಪುತ್ತಾರೆ. ರಜನಿಕಾಂತ್ ಅವರ 'ಕೂಲಿ'ಗೆ 2025ರಲ್ಲಿ 'ಎ' ಸಿಕ್ಕಾಗ, ಸಿನಿಮಾ ಬಿಡುಗಡೆಯಾದ ಮೇಲೂ 'ಯು/ಎ' ಬೇಕು ಅಂತ ನಿರ್ಮಾಣ ಸಂಸ್ಥೆ ಮದ್ರಾಸ್ ಹೈಕೋರ್ಟಿಗೆ ಹೋಯ್ತು. ಕೋರ್ಟ್ ಅರ್ಜಿ ವಜಾ ಮಾಡಿತು.

ಮಲಯಾಳಂನ 'ಮಾರ್ಕೊ' ಪ್ರಕರಣ ಇನ್ನೂ ವಿಚಿತ್ರ. ಕೇರಳದಲ್ಲಿ ಯುವಕರ ಹಿಂಸಾಚಾರದ ಚರ್ಚೆ ಕಾವೇರಿದ್ದಾಗ, 2025ರ ಮಾರ್ಚ್‌ನಲ್ಲಿ, ಅದರ ಟಿವಿ ಪ್ರಸಾರಕ್ಕೆ ಅನುಮತಿ ನಿರಾಕರಿಸಿದರು. ಆ ಹೊತ್ತಿಗೆ ಸಿನಿಮಾ ಒಟಿಟಿಗೆ ಬಂದು ವಾರಗಳೇ ಕಳೆದಿದ್ದವು! ಮನೆಯವರೆಲ್ಲ ಹಾಲ್‌ನಲ್ಲಿ ಕೂತು ನೋಡೋ ಟಿವಿಗೆ ಬೀಗ, ಮಗ ಒಬ್ಬನೇ ರೂಮಿನಲ್ಲಿ ನೋಡೋ ಮೊಬೈಲಿಗೆ ದಾರಿ. ಮಕ್ಕಳ ರಕ್ಷಣೆಯೇ ಗುರಿಯಾಗಿದ್ದರೆ ಇದಕ್ಕಿಂತ ತಲೆಕೆಳಗಾದ ವ್ಯವಸ್ಥೆ ಇರಲು ಸಾಧ್ಯವಿಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲ್ಲ. ಈ ಚೀಟಿ ಅಳೆಯೋದು ಏನನ್ನು? ರಕ್ತ, ಬೈಗುಳ, ಚರ್ಮ. ಹೀರೋ ಮೂರು ರೀಲು ಹುಡುಗಿಯ ಹಿಂದೆ ಬಿದ್ದು, ಕೊನೆಗೆ ಅವಳು 'ಒಪ್ಪಿಕೊಳ್ಳುವ' ಕಥೆಗಳು ದಶಕಗಳಿಂದ 'ಯು' ಮತ್ತು 'ಯು/ಎ' ಪಡೆದು ಮನೆಮನೆಗೆ ಬಂದಿವೆ. ಕಪ್ಪು ಬಣ್ಣ, ದಪ್ಪ ದೇಹ, ಜಾತಿಯ ಕಸುಬು, ಇವನ್ನೆಲ್ಲ ಕಾಮಿಡಿ ಟ್ರ್ಯಾಕ್ ಮಾಡಿದಾಗ ಯಾವ ಅಕ್ಷರವೂ ಮೂಲೆಯಲ್ಲಿ ಮೂಡಲಿಲ್ಲ. ಅತ್ತ, ಬೆಂಗಳೂರಿನ ಹುಡುಗರು ಡ್ರಗ್ಸ್ ಜಾಲಕ್ಕೆ ಬೀಳುವ ಕಥೆ ಹೇಳಿದ ದುನಿಯಾ ವಿಜಯ್ ಅವರ 'ಭೀಮ'ಕ್ಕೆ 2024ರಲ್ಲಿ ಸಿಕ್ಕಿದ್ದು 'ಎ'. ಅದರ ಕ್ರೌರ್ಯ ಮಕ್ಕಳಿಗೆ ಸಲ್ಲದು ಅನ್ನೋ ವಾದ ಒಪ್ಪೋಣ. ಆದರೆ ಯಾರ ಬಗ್ಗೆ ಸಿನಿಮಾ ಮಾತಾಡ್ತಿದೆಯೋ ಆ ಹದಿನಾರರ ಹುಡುಗನಿಗೆ ಅದನ್ನು ತೋರಿಸುವ ಹಾಗಿಲ್ಲ ಅನ್ನೋದೂ ನಿಜ. ಒಟಿಟಿ ನಿಯಮಗಳಲ್ಲಿ 'ತಾರತಮ್ಯ' ಅನ್ನೋದು ರೇಟಿಂಗ್‌ನ ಒಂದು ಅಂಶವಾಗಿದೆ. ಅದನ್ನು ಬಳಸಿ ಜಾತಿ ನಿಂದನೆ ಇದೆ ಅಂತ ಎಚ್ಚರಿಸಿದ ಸಿನಿಮಾ ಎಷ್ಟಿದೆ, ನೀವೇ ಹುಡುಕಿ.

ಏನು ಮಾಡಬಹುದು?

ಮೊದಲನೆಯದು, ಬೆನಗಲ್ ಸಮಿತಿಯ ಉಳಿದರ್ಧವನ್ನೂ ಜಾರಿಗೆ ತರಬೇಕು. ಚೀಟಿ ಅಂಟಿಸಿದ ಮೇಲೆ ಕತ್ತರಿ ಕೆಳಗಿಡಬೇಕು. ಸರ್ಕಾರದ ಕೈಯಲ್ಲಿ ಎರಡೂ ಇದ್ದಾಗ ಚೀಟಿಯನ್ನು ಯಾರೂ ನಂಬಲ್ಲ, ಅದನ್ನು ಚೌಕಾಸಿಯ ವಸ್ತುವಾಗಿ ನೋಡ್ತಾರೆ.

ಎರಡನೆಯದು, ಅಕ್ಷರದ ಜೊತೆ ಕಾರಣ ಬೇಕು, ಅದೂ ಕನ್ನಡದಲ್ಲಿ. 'ಯು/ಎ 16+: ಮಚ್ಚಿನಿಂದ ಕೊಚ್ಚುವ ದೃಶ್ಯಗಳು, ಆತ್ಮಹತ್ಯೆಯ ಯತ್ನ' ಅಂತ ಪೋಸ್ಟರಿನ ಮೇಲೆ, ಟಿಕೆಟ್ ಬುಕ್ ಮಾಡುವ ಪುಟದಲ್ಲಿ, ದುಡ್ಡು ಕಟ್ಟುವ ಮುಂಚೆಯೇ ಕಾಣಬೇಕು. ಒಟಿಟಿಯಲ್ಲಿ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಮಿಂಚಿ ಮಾಯವಾಗುವ ಬರಹ ಹಾಸನದ ಅಜ್ಜಿಗೆ ಏನು ಹೇಳುತ್ತೆ? ಬ್ರಿಟನ್ನಿನ ಮಂಡಳಿ ಪ್ರತಿ ಸಿನಿಮಾಗೂ ಯಾಕೆ ಈ ರೇಟಿಂಗ್ ಅಂತ ವಿವರವಾಗಿ ಬರೆದು ಪ್ರಕಟಿಸುತ್ತೆ. 2024ರ ಹೊಸ ಮಾರ್ಗಸೂಚಿಗೆ ಮುಂಚೆ ಅದು 12,000 ಜನರ ಅಭಿಪ್ರಾಯ ಕೇಳಿತ್ತು. ನಮ್ಮ ಮಂಡಳಿಗೆ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ, ಬೆಂಗಳೂರಿನಲ್ಲೂ ಒಂದಿದೆ. ಇಲ್ಲಿನ ಪೋಷಕರನ್ನು, ಮೇಷ್ಟ್ರುಗಳನ್ನು, ಹದಿಹರೆಯದವರನ್ನೇ ಕೂರಿಸಿಕೊಂಡು ಕೇಳೋಕೆ ಏನು ಅಡ್ಡಿ?

ಮೂರನೆಯದು, ಪರೀಕ್ಷೆ. ಜೈಲಿನ ಬೆದರಿಕೆ ಬೇಡ. ಅಮೆರಿಕದವರ ಹಾಗೆ ವರ್ಷಕ್ಕೊಮ್ಮೆ ಥಿಯೇಟರ್ ಸರಣಿಗಳನ್ನು, ಒಟಿಟಿಗಳನ್ನು ಪರೀಕ್ಷಿಸಿ ಯಾರು ಎಷ್ಟು ಪಾಸು, ಎಷ್ಟು ಫೇಲು ಅಂತ ಹೆಸರು ಹಾಕಿ ಪ್ರಕಟಿಸಲಿ. ಡಿಜಿಟಲ್‌ನಲ್ಲಿ ಎಲ್ಲರ ಗುರುತಿನ ಚೀಟಿ ಕೇಳುವ ಬದಲು, ಫೋನು ಮತ್ತು ಪ್ರೊಫೈಲ್ ಮಟ್ಟದ ಲಾಕ್ ಅನ್ನು ಕನ್ನಡದಲ್ಲಿ, ಎರಡು ಒತ್ತಿನಲ್ಲಿ ಹಾಕುವ ಹಾಗೆ ಮಾಡಲಿ.

ಇಷ್ಟೆಲ್ಲ ಮಾಡಿದರೂ ಹದಿನೈದರ ಹುಡುಗ ನೋಡಬೇಕು ಅಂದುಕೊಂಡದ್ದನ್ನು ನೋಡಿಯೇ ನೋಡ್ತಾನೆ. ಅವನಪ್ಪನೂ ಒಂದು ಕಾಲಕ್ಕೆ ಬೆಳಗಿನ ಆಟಕ್ಕೆ ಕ್ಲಾಸ್ ಬಂಕ್ ಹೊಡೆದವನೇ. ಒಳಗೆ ಏನಿದೆ ಅಂತ ಅಪ್ಪನಿಗೆ ಮೊದಲೇ ಗೊತ್ತಿದ್ದರೆ, ನೋಡಿ ಬಂದ ಮಗನ ಹತ್ತಿರ ಕೂತು ಮಾತಾಡೋಕೆ ಅವನಿಗೊಂದು ಎಳೆ ಸಿಗುತ್ತೆ. ಚೀಟಿಯಿಂದ ಆಗಬಹುದಾದ ದೊಡ್ಡ ಉಪಯೋಗ ಅಷ್ಟೇ, ಅದು ಸಣ್ಣದೇನಲ್ಲ. ಇವತ್ತಿನ ನಮ್ಮ ಚೀಟಿ ಆ ಅಪ್ಪನಿಗೆ ಒಂದು ಅಕ್ಷರ, ಒಂದು ಅಂಕಿ ತೋರಿಸಿ ಸುಮ್ಮನಾಗುತ್ತೆ.